ಕೆಂಪು ಪಟ್ಟಿಯ ಗಂಟು

"ಬೆರಳು ಚೀಪ್ತಾ ಕೂರೋಕೆ ಇದೇನು ನಿಮ್ಮಪ್ಪ ಕಟ್ಟಿದ ತೊಟ್ಟಿಲೇನೇ ಮುಂಡೆ? ಆಪರೇಷನ್‌ಗೆ ಬಟ್ಟೆ ಇಲ್ಲ ಅಂತ ಮೇಲಿನವರು ನನ್ನ ಜೀವ ತಿಂತಿದಾರೆ."

ಮೇಸ್ತ್ರಿ ಬಾಗಿಲಲ್ಲೇ ನಿಂತು ಬೈದ. ಆಸ್ಪತ್ರೆಯ ಕೊಳೆಬಟ್ಟೆಯ ಗಂಟು ಬಿಚ್ಚುವ ಈ ಕೋಣೆಯೊಳಗೆ ಅವನು ಕಾಲಿಡುವವನಲ್ಲ. ಚಿಕ್ಕಮ್ಮ ಬಾಯಿಂದ ಬೆರಳು ತೆಗೆದಳು. ತುದಿಯಲ್ಲಿ ಸಾಸಿವೆಯಷ್ಟು ರಕ್ತ ಮತ್ತೆ ಮೂಡಿತು.

"ಏನದು?"

"ಇರುವೆ ಕಚ್ತು," ಅಂದಳು.

ನಮ್ಮ ಕೋಣೆಯಲ್ಲಿ ಯಾರಿಗೂ ಸೂಜಿ ಚುಚ್ಚುವುದಿಲ್ಲ, ಇರುವೆಯೇ ಕಚ್ಚುವುದು. ಚುಚ್ಚಿತು ಅಂದವಳನ್ನು ಮೇಸ್ತ್ರಿ ಮಾರನೆಯ ದಿನ ಕೆಲಸಕ್ಕೆ ಕರೆಯುವುದಿಲ್ಲ. ಅವನು "ಬೇಗ ಬೇಗ" ಎಂದು ಹೊರಟುಹೋದ.

ನಮಗೆ ಇಬ್ಬರಿಗೊಂದು ಜೊತೆ ರಬ್ಬರ್ ಗ್ಲೌಸು. ಬಲಗೈಯದು ಚಿಕ್ಕಮ್ಮನಿಗೆ, ಎಡಗೈಯದು ನನಗೆ. ಎದುರುಬದುರು ಕೂತು, ಬರಿಗೈಯಿಂದ ಗಂಟನ್ನು ಹೊರಗಿನಿಂದ ಒತ್ತಿಹಿಡಿದು, ಗ್ಲೌಸಿನ ಕೈಯನ್ನು ಒಳಗೆ ಹಾಕಿ ಬಿಚ್ಚುತ್ತೇವೆ. "ನಾವಿಬ್ರೂ ಸೇರಿದ್ರೆ ಒಬ್ಬ ಪೂರಾ ಹೆಂಗಸು ಕಣೆ," ಎಂದು ಚಿಕ್ಕಮ್ಮ ನಗಾಡುತ್ತಿದ್ದಳು. ಈ ಸಲ ಯಾರೋ ಗಂಟಿನಲ್ಲೇ ಬಿಟ್ಟಿದ್ದ ಇಂಜೆಕ್ಷನ್ ಸೂಜಿ ಬಟ್ಟೆಯನ್ನು ತೂರಿ ಹೊರಗೇ ತಲೆ ಹಾಕಿತ್ತು. ಚುಚ್ಚಿದ್ದು ಅವಳ ಎಡಗೈಗೆ. ಎಡಗೈಯ ಗ್ಲೌಸು ನನ್ನ ಕೈಯಲ್ಲಿತ್ತು. ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಗಂಟಿಗೆ ಕೆಂಪು ಪಟ್ಟಿ ಸುತ್ತಿತ್ತು. ಹೆಪಟೈಟಿಸ್ ಬಿ ಇರುವ ರೋಗಿಯ ಬಟ್ಟೆಗೆ ಹಾಗೆ ಸುತ್ತುತ್ತಾರೆ. ನಮ್ಮ ಬಾಯಲ್ಲಿ ಅದು ಕಾಮಾಲೆ ಗಂಟು.

"ಏಳು ಚಿಕ್ಕಮ್ಮ, ಇಂಜೆಕ್ಷನ್ ಕೋಣೆಗೆ ಹೋಗೋಣ."

"ಕೆಲಸಕ್ಕೆ ಸೇರಿದಾಗ ಕಾಮಾಲೆ ಲಸಿಕೆ ಮೂರು ಹಾಕಿಸ್ಕೊಂಡಿದೀನಲ್ಲೇ. ಮೂರು ಸಲವೂ ತೋಳು ಬೋಂಡದಂಗೆ ಊದಿತ್ತು. ಅಷ್ಟು ನೋವು ತಿಂದದ್ದು ಸುಮ್ನೆ ಹೋಗತ್ತಾ?"

ಆದರೂ ಎದ್ದಳು.

ಮೇಲೆ ಡಾಕ್ಟರುಗಳ ಸಾಲು ನಿಂತಿತ್ತು. ಕಾಮಾಲೆ ಲಸಿಕೆಯ ಬೂಸ್ಟರ್ ಹಾಕುವ ದಿನ ಅದು. ನಾವು ಗೋಡೆಗೆ ಅಂಟಿಕೊಂಡು ಒಳಗೆ ಹೋದೆವು. ಚಿಕ್ಕಮ್ಮ ರವಿಕೆಯ ತೋಳು ಮೇಲೇರಿಸಿಯೇ ನಿಂತಳು. ನರ್ಸಮ್ಮ ಎಲ್ಲ ಕೇಳಿಸಿಕೊಂಡು, "ಮೂರಾದ್ಮೇಲೆ ರಕ್ತ ಟೆಸ್ಟ್ ಮಾಡಿದ್ರಾ?" ಅಂದಳು.

"ಅದ್ಯಾವ ಟೆಸ್ಟು ತಾಯಿ?"

"ಲಸಿಕೆ ಮೈಗೆ ಹತ್ತಿದೆಯೋ ಇಲ್ವೋ ಅಂತ. ಹತ್ತಿದ್ರೆ ಚಿಂತೆ ಇಲ್ಲ, ಬೂಸ್ಟರೂ ಬೇಕಾಗಲ್ಲ. ಕೆಲವ್ರಿಗೆ ಮೂರು ಹಾಕಿದ್ರೂ ಹತ್ತೋದೇ ಇಲ್ಲ. ಅಂಥವ್ರಿಗೆ ಹಿಂಗೆ ಸೂಜಿ ಚುಚ್ಚಿದ್ರೆ ಅವತ್ತೇ ಬೇರೆ ಇಂಜೆಕ್ಷನ್ ಕೊಡ್ಬೇಕು. ತಡ ಆದಷ್ಟೂ ಕಷ್ಟ."

"ಬೂಸ್ಟರ್ ಬೇಡ ಅಂದ್ರೆ ಇವರೆಲ್ಲ ಯಾಕೆ ನಿಂತಿದಾರೆ?" ಅಂದೆ ನಾನು.

ನರ್ಸಮ್ಮ ದನಿ ತಗ್ಗಿಸಿದಳು. "ಅವರಿಗೆ ಟೆಸ್ಟ್ ಆಗಿದೆ, ಹತ್ತಿದೆ. ಆದ್ರೂ ಒಂದು ಇರಲಿ ಅಂತ."

ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಒಂದು ಕೋಟೆ. ಅದರ ಕಾವಲುಗಾರರಿಗೆಲ್ಲ ಮಾಟಗಾತಿಯ ಗೊಂಬೆ ಮಾಡಿ ಮೂರು ಸಲ ತೋರಿಸಿದ್ದರು. ನೋಡಿದವರು ತಲೆ ನರೆತರೂ ಆ ಮುಖ ಮರೆಯಲಿಲ್ಲ. ಒಬ್ಬ ಮಾತ್ರ ಮೂರು ಸಲವೂ ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿದ್ದ. ಅವನು ನಿದ್ದೆ ಹೋದದ್ದು ಅವನಿಗೂ ಗೊತ್ತಿರಲಿಲ್ಲ. ಮಾಟಗಾತಿ ಬಂದದ್ದು ಅವನ ಬಾಗಿಲಿನಿಂದ. ನಾನು ಚಿಕ್ಕಮ್ಮನ ತೋಳನ್ನೇ ನೋಡುತ್ತ ನಿಂತೆ. ಯಾವ ಬಾಗಿಲು, ಯಾರು ಎಚ್ಚರ, ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಸಾಲಿನ ಮುಂದಿದ್ದ ದೊಡ್ಡ ಡಾಕ್ಟರು ತಿರುಗಿದರು.

"ಏನಮ್ಮಾ, ಗಂಡ ಇದಾನಾ?"

"ಇಲ್ಲ ಸಾರ್. ಹೋಗಿ ಬಹಳ ವರ್ಷ ಆಯ್ತು."

"ಮತ್ತೆ? ಈ ಕಾಯಿಲೆ ಸೂಜಿಯಿಂದಲೇ ಬರಬೇಕು ಅಂತೇನಿಲ್ಲ. ಎಲ್ಲೆಲ್ಲೋ ಮಲಗೆದ್ದು ಬಂದು ಆಸ್ಪತ್ರೆ ತಲೆಗೆ ಕಟ್ಟೋರನ್ನ ಬೇಕಾದಷ್ಟು ನೋಡಿದೀನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಚಿಕ್ಕಮ್ಮ ತೋಳನ್ನು ಕೆಳಕ್ಕೆಳೆದುಕೊಂಡಳು. ಮೊಣಕೈಯವರೆಗೂ ಬಾರದ ರವಿಕೆ ಅದು, ಎಳೆಯುತ್ತಲೇ ಇದ್ದಳು.

"ಇರುವೆ ಕಚ್ಚಿದ್ದು ಸಾರ್," ಅಂದಳು.

"ಕೇಳಿದ್ಯಾ ಸಿಸ್ಟರ್? ಇರುವೆಯಂತೆ. ಕಾಂಟ್ರಾಕ್ಟಿನವರಿಗೆ ಇಲ್ಲಿ ಟೆಸ್ಟ್ ಇಲ್ಲ, ಮೇಸ್ತ್ರಿನ ಕೇಳ್ಕೊಳ್ಲಿ. ನಡೀರಿ, ಗಾಳಿ ಬಿಡಿ."

ಮೆಟ್ಟಿಲಿಳಿಯುವಾಗ ಅವಳು ಕಂಬಿ ಮುಟ್ಟಲಿಲ್ಲ. ಕೆಳಗೆ ಬಂದು ತನ್ನ ಲೋಟವನ್ನು ನಮ್ಮೆಲ್ಲರ ಲೋಟಗಳಿಂದ ದೂರ, ಕಿಟಕಿಯ ಮೂಲೆಗೆ ಸರಿಸಿದಳು.

"ಹಂಗೆಲ್ಲ ಮಾಡ್ಬೇಡ ಚಿಕ್ಕಮ್ಮ."

"ಒಂದು ಮಾತು ಕೇಳ್ಲಾ? ಆ ಹಲ್ಕಾ ನನ್ಮಗ ಗಂಡ ಇದಾನಾ ಅಂದಾಗ ನೀನ್ಯಾಕೆ ತಲೆ ತಗ್ಗಿಸ್ದೆ? ನೀನೂ ನಂಬಿಬಿಟ್ಯಾ?"

ನನ್ನನ್ನು ಎತ್ತಿ ಆಡಿಸಿದವಳು. ಇಲ್ಲ ಅನ್ನಬೇಕಿತ್ತು, ನಂಬಿರಲೂ ಇಲ್ಲ. ಆದರೆ ಆ ಒಂದು ಗಳಿಗೆ ಅವಳ ಪಕ್ಕ ನಿಂತದ್ದಕ್ಕೆ ನನಗೆ ನಾಚಿಕೆಯಾಗಿತ್ತು. ಅದು ಅವಳಿಗೆ ಕಂಡಿತ್ತು.

ಗಂಟು ಅರ್ಧ ಬಿಚ್ಚಿ ಬಿದ್ದಿತ್ತು. ನಾನು ಚಿಕ್ಕಮ್ಮನ ಬಲಗೈಯ ಗ್ಲೌಸನ್ನು ಬಿಡಿಸಿ ನನ್ನ ಕೈಗೆ ಹಾಕಿಕೊಂಡೆ. ಮೊದಲ ಸಲ ನನ್ನ ಎರಡೂ ಕೈಗೆ ಗ್ಲೌಸು. ಗಂಟನ್ನು ತಳ್ಳುಗಾಡಿಗೆ ಹಾಕಿದೆ.

"ಎಲ್ಲಿಗೇ?"

ಕೊಳೆಬಟ್ಟೆಯ ಗಾಡಿ ಹಿಂದಿನ ಲಿಫ್ಟಿನಲ್ಲೇ ಹೋಗಬೇಕು. ನಾನು ಮುಂದಿನ ಲಿಫ್ಟು ಹತ್ತಿಸಿದೆ. ಒಳಗಿದ್ದವರು ಮೂಗು ಮುಚ್ಚಿಕೊಂಡು ಇಳಿದುಹೋದರು.

ದೊಡ್ಡ ಡಾಕ್ಟರು ಆಗಷ್ಟೇ ತೋಳಿಗೆ ಹತ್ತಿ ಒತ್ತಿಕೊಂಡು ಏಳುತ್ತಿದ್ದರು. ಗಂಟನ್ನೆತ್ತಿ ಅವರ ಮುಂದಿನ ಮೇಜಿನ ಮೇಲಿಟ್ಟೆ.

"ಇದರೊಳಗೆ ಎಲ್ಲೋ ಒಂದು ಇರುವೆ ಇದೆ ಸಾರ್. ನಿಮಗೆ ಟೆಸ್ಟೂ ಆಗಿದೆ, ಬೂಸ್ಟರೂ ಆಯ್ತು. ಬರಿಗೈ ಹಾಕಿ ಸ್ವಲ್ಪ ಹುಡುಕಿಕೊಡಿ."

ಸಾಲು ಹಿಂದಕ್ಕೆ ಸರಿಯಿತು. ಒಂದೊಂದೇ ಕೈ ಬಿಳಿಕೋಟಿನ ಜೇಬಿನೊಳಗೆ ಹೋಯಿತು.

"ಯಾವಳೇ ಇವಳು? ಕರೀರಿ ಆ ಮೇಸ್ತ್ರಿನ," ಅಂದರು ದೊಡ್ಡ ಡಾಕ್ಟರು. ಅವರ ಕೈಯೂ ಕಾಣಲಿಲ್ಲ.

ಹಿಂದೆ ಏದುಸಿರು ಕೇಳಿಸಿತು. ಚಿಕ್ಕಮ್ಮ ಮೆಟ್ಟಿಲೇರಿ ಬಂದಿದ್ದಳು. ನನ್ನನ್ನು ಪಕ್ಕಕ್ಕೆ ಸರಿಸಿ, ಡಾಕ್ಟರು ಎದ್ದ ಸ್ಟೂಲಿನ ಮೇಲೆ ಕೂತಳು. ತೋಳು ಮೇಲೇರಿಸಿ, ಎಡಗೈಯನ್ನು ಗಂಟಿನ ಪಕ್ಕದಲ್ಲಿ ಮೇಜಿನ ಮೇಲಿಟ್ಟಳು.

"ಇರುವೆ ಅಲ್ಲ ಸಾರ್," ಅಂದಳು. "ಸೂಜಿ."

ನರ್ಸಮ್ಮ ರಕ್ತ ತೆಗೆಯುವ ಸಿರಿಂಜು ಹಿಡಿದು ದೊಡ್ಡ ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. ಮೆಟ್ಟಿಲಿನ ಕಡೆಯಿಂದ ಮೇಸ್ತ್ರಿಯ ಬೈಗುಳ ಹತ್ತಿರವಾಗುತ್ತಿತ್ತು. ಚಿಕ್ಕಮ್ಮ ಕೈ ತೆಗೆಯಲಿಲ್ಲ. ಬೆರಳ ತುದಿಯ ರಕ್ತ ಒಣಗಿ ಕಪ್ಪಾಗಿತ್ತು.