ಮಗಳು ಮಾಡಿದ ಕೇಕು

ಬೈಂಡಿಂಗ್ ಅಂಗಡಿಯ ಉದ್ದನೆಯ ಮೇಜಿನಿಂದ ಮಡಿಚಿದ ಅಚ್ಚಿನ ಹಾಳೆಗಳ ಫಾರಂಗಳನ್ನು ಗೋಡೆಯ ಕಡೆ ಸರಿಸಿ ಹಳೇ ಪೇಪರು ಹಾಸಿದರೆ ಅದೇ ಊಟದ ಮೇಜು. ಡಬ್ಬಿಗಳೆಲ್ಲ ಒಟ್ಟಿಗೆ ಬಾಯಿ ತೆರೆಯುತ್ತಿದ್ದವು. ಯಾರ ಡಬ್ಬಿಗೆ ಯಾರ ಕೈ ಎಂಬ ಲೆಕ್ಕ ಅಲ್ಲಿರಲಿಲ್ಲ. ಕಟಿಂಗ್ ಮೆಷಿನ್ನಿನ ಮಾಮನಂತೂ ತನ್ನ ಡಬ್ಬಿ ತೆರೆಯುವಷ್ಟರಲ್ಲಿ ಊರವರ ಡಬ್ಬಿಯಿಂದಲೇ ಅರ್ಧ ಹೊಟ್ಟೆ ತುಂಬಿಸಿಕೊಂಡಿರುತ್ತಿದ್ದ.

ಹೊಸಬಳು ಮಾತ್ರ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು, ಮುಚ್ಚಳವನ್ನೇ ಅರ್ಧ ಮರೆಯಾಗಿ ಹಿಡಿದುಕೊಂಡು ತಿನ್ನುತ್ತಿದ್ದಳು. ಸೇರಿ ವರ್ಷವಾಗುತ್ತ ಬಂದರೂ ಅವಳು ಎಲ್ಲರಿಗೂ ಹೊಸಬಳೇ. ನೀರಿಗೂ ಅವಳದೇ ಲೋಟ.

"ಆ ಡಬ್ಬೀಲಿ ಬಂಗಾರ ತರ್ತಾಳೆ ಕಣ್ರೋ, ಅದಕ್ಕೇ ಮುಚ್ಕೋತಾಳೆ," ಎನ್ನುತ್ತಿದ್ದ ಮಾಮ. ಅವಳು ನಕ್ಕು ಮುಚ್ಚಳವನ್ನು ಇನ್ನಷ್ಟು ವಾಲಿಸುತ್ತಿದ್ದಳು.

ಡಬ್ಬಿಯಲ್ಲಿದ್ದುದು ಬರೀ ಅನ್ನ, ಬೇಯಿಸಿದ ತರಕಾರಿ. ಅಜ್ಜಿಕಥೆಯ ರಾಕ್ಷಸನ ಪ್ರಾಣ ಎಲ್ಲೋ ದೂರದ ಗಿಳಿಯೊಳಗಿರುತ್ತದಲ್ಲ, ಹಾಗೆ ಇವಳ ಪ್ರಾಣ ಗೋಧಿಯ ಒಂದು ಚೂರಿನೊಳಗಿತ್ತು. ಸಿಲಿಯಾಕ್ ಎಂದು ಡಾಕ್ಟರು ಆ ಕಾಯಿಲೆಗೆ ಹೆಸರಿಟ್ಟಿದ್ದರು. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಜೀವಮಾನವಿಡೀ ಕೂಡದು. ಬ್ರೆಡ್ಡು ಮುಟ್ಟಿದ ಚಮಚ ಅವಳ ಊಟಕ್ಕೆ ಬಿದ್ದರೂ ಸಾಕು, ಹೊಟ್ಟೆ ಹಿಂಡಿ, ದಿನಗಟ್ಟಲೆ ಮೈ ಮೇಲೇಳುತ್ತಿರಲಿಲ್ಲ. ಅಂಟಿಗೆ ಮೈದಾ ಕಲಸುವಾಗ ಏಳುವ ಹುಡಿಗೆ ಹೆದರಿಯೇ ಅವಳು ಕಿಟಕಿ ಹಿಡಿದಿದ್ದಳು.

ಇದನ್ನೆಲ್ಲ ಹಿಂದೆ ಕೆಲಸಕ್ಕಿದ್ದ ಬಟ್ಟೆಯಂಗಡಿಯಲ್ಲಿ ಬಾಯಿಬಿಟ್ಟು ಹೇಳಿದ್ದಳು. ಮರುದಿನದಿಂದ ಅವಳಿಗೆ 'ಗಾಜಿನ ಹೊಟ್ಟೆ' ಎಂದು ಹೆಸರು ಬಿತ್ತು. ಅವಳು ಶೌಚಾಲಯಕ್ಕೆ ಎದ್ದರೆ ಸಾಕು, ಕೌಂಟರಿನ ಹಿಂದೆ ಕಿಸಕ್ಕೆಂದು ನಗು. ಇಲ್ಲಿ ಮತ್ತೆ ಆ ನಗು ಕೇಳುವುದಕ್ಕಿಂತ ಜಂಬದವಳು ಅನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡಿದ್ದಳು.

ಅವಳಿಗೆ ಕೆಲಸ ಕಲಿಸಿದವಳು ಹೊಲಿಗೆ ಅಕ್ಕ. ಫಾರಂಗಳ ಬೆನ್ನಿಗೆ ದಾರ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. "ದಾರಾನ ಎಳೀಬೇಡ ಕಣೇ, ಕರೀಬೇಕು. ಅದೇ ಬರುತ್ತೆ," ಎಂದು ಬೆರಳು ಹಿಡಿದು ತಿದ್ದಿದ್ದಳು.

ಒಂದು ಮಧ್ಯಾಹ್ನ ಅಕ್ಕ ಕೇಕು ತಂದಳು. ಮಗಳು ಮನೆಯಲ್ಲೇ ಮಾಡಲು ಕಲಿಯುತ್ತಿದ್ದಳು; ಮೊದಲ ಸಲ ಸರಿಯಾಗಿ ಉಬ್ಬಿತ್ತು. ಎಲ್ಲರಿಗೂ ಹಂಚಿ, ಒಂದು ದೊಡ್ಡ ತುಂಡನ್ನು ಕಿಟಕಿಯ ತನಕ ಹೊತ್ತು ತಂದಳು.

"ಇದು ನಿನಗೆ ಅಂತಲೇ ಎತ್ತಿಟ್ಟಿದ್ದು. ಮನೇಲಿ ನಿನ್ನ ಮಾತೇ ಆಡ್ತಿರ್ತೀನಲ್ಲ, ಹೇಗಿತ್ತು ಅಂತ ಕೇಳ್ಕೊಂಡು ಬರ್ಬೇಕಂತೆ."

"ಆಮೇಲೆ ತಿಂತೀನಿ ಅಕ್ಕ."

"ಈಗಲೇ ತಿನ್ನೇ, ನನ್ನೆದುರಿಗೆ."

"ಹೊಟ್ಟೆ ತುಂಬಿಬಿಟ್ಟಿದೆ. ಆಮೇಲೆ, ನಿಜವಾಗ್ಲೂ."

ಅಕ್ಕ ಆಚೆ ಹೋದ ಮೇಲೆ ಹೊಸಬಳು ಅದನ್ನು ಪೇಪರಿನಲ್ಲಿ ಸುತ್ತಿ, ಕತ್ತರಿಸಿದ ಕಾಗದದ ಚೂರು ತುಂಬುವ ಗೋಣಿಚೀಲದ ತಳಕ್ಕೆ ತುರುಕಿದಳು. ಸಂಜೆ ಆ ಚೀಲವನ್ನು ಒತ್ತಿ ಕಟ್ಟಲು ಹೋದವಳು ಅಕ್ಕನೇ. ಕೈಗೆ ಮೆತ್ತಗೆ ಸಿಕ್ಕಿದ ಪೊಟ್ಟಣವನ್ನು ಬಿಚ್ಚಿ ನೋಡಿದಳು, ಮತ್ತೆ ಸುತ್ತಿದಳು, ತನ್ನ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಹೊಲಿಯಬೇಕಾದ ಕಟ್ಟನ್ನು ಅಕ್ಕ ಕೈಯಿಂದ ಕೊಡಲಿಲ್ಲ. ಮರದ ಅಡಿಕೋಲಿನಿಂದ ಮೇಜಿನ ಮೇಲೆ ಹೊಸಬಳ ಕಡೆಗೆ ತಳ್ಳುತ್ತಿದ್ದಳು, ತನ್ನ ಬೆರಳು ಎಲ್ಲಿ ತಾಗಿಬಿಡುತ್ತದೋ ಎಂಬಂತೆ.

ಛೇಡಿಸುವ ಮಾಮನೂ ಅಂದು ಹೊಸಬಳ ಹತ್ತಿರ ಬಂದು ದನಿ ತಗ್ಗಿಸಿದ. "ನಿನ್ನ ಅಕ್ಕ ಮೊದಲು ದೊಡ್ಡ ಮನೆಗಳಲ್ಲಿ ಪಾತ್ರೆ ತೊಳೀತಿದ್ಲು. ಅವಳಿಗೆ ಅಂತ ಬೇರೆ ಲೋಟ, ಅದೂ ಹಿಂಬಾಗಿಲ ಹೊರಗೆ. ಆ ಲೋಟ ಬೇಡ ಅಂತಲೇ ಇಲ್ಲಿಗೆ ಬಂದವಳು. ಇಲ್ಲೂ ನೀನು ಹೀಗೆ ಮಾಡೋದಾ?"

ಹೊಸಬಳು ಅಲಮಾರಿನ ಮೇಲೆ ತಾನು ಬೇರೆಯಾಗಿ ಇಟ್ಟಿದ್ದ ಲೋಟವನ್ನು ಅಕ್ಕನ ಕಣ್ಣಿನಿಂದ ನೋಡಿದಳು.

ಅಂಗಡಿ ಮುಚ್ಚಿದ ಮೇಲೆ ಬಸ್ ಸ್ಟಾಪಿಗೆ ಹೊರಟ ಅಕ್ಕನ ಹಿಂದೆ ಓಡಿ, ಉಸಿರು ಕಟ್ಟಿಕೊಂಡೇ ಎಲ್ಲ ಹೇಳಿದಳು. ಕಾಯಿಲೆ, ಗೋಧಿ, ಶೌಚಾಲಯ, ಗಾಜಿನ ಹೊಟ್ಟೆ.

ಅಕ್ಕ ಕರಗಲಿಲ್ಲ. ರಸ್ತೆಯನ್ನೇ ನೋಡುತ್ತ ಕೇಳಿದಳು: "ನಾನು ಏನಂದ್ಕೊಂಡಿದ್ದೀನಿ ಅಂತ ನಿನಗೆ ಗೊತ್ತಾಗ್ಲೇ ಇಲ್ವಾ?"

ಸುಳ್ಳು ಹೇಳಬಹುದಿತ್ತು. "ಸ್ವಲ್ಪ ಗೊತ್ತಾಗ್ತಿತ್ತು ಅಕ್ಕ."

"ಗೊತ್ತಿದ್ದೂ ಸುಮ್ಮನಿದ್ದೆ. ನಿನ್ನನ್ನ ನೋಡಿ ಜನ ನಗಬಾರ್ದು ಅಂತ ನನ್ನನ್ನ ಕೀಳು ಮಾಡಿಟ್ಟೆ. ನಿನಗೆ ಬಂದಿರೋದು ಕಾಯಿಲೆ ಕಣೇ, ಕಳ್ಳತನ ಅಲ್ಲ." ಅಕ್ಕ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ನಿನ್ನೆ ರಾತ್ರಿ ಮಗಳು ಕೇಳಿದ್ಲು. ಎರಡು ಸಲ ಹಾಕಿಸ್ಕೊಂಡು ತಿಂದ್ಲು ಅಂತ ಹೇಳ್ದೆ. ಅವಳ ಕೇಕು ಕಸಕ್ಕೆ ಬಿತ್ತು ಅಂತ ಹೆತ್ತವಳಾಗಿ ಹೇಗೆ ಹೇಳ್ಲಿ?"

ಬಸ್ಸು ಬಂತು. ಅಕ್ಕ ಹತ್ತಿದಳು. ತನ್ನ ದಾರಿಯಲ್ಲದಿದ್ದರೂ ಹೊಸಬಳೂ ಹತ್ತಿದಳು. ಅಕ್ಕ ಒಮ್ಮೆ ತಿರುಗಿ ನೋಡಿ, ಮುಂದಿನ ಸೀಟಿಗೆ ಹೋಗಿ ಕೂತಳು.

ಎರಡನೆಯ ಮಹಡಿಯಲ್ಲಿದ್ದ ಅಕ್ಕನ ಮನೆಯ ಪುಟ್ಟ ಅಡುಗೆಮನೆಯಲ್ಲಿ ಮಗಳು ಮೈದಾ ಹಿಟ್ಟು ಮೆತ್ತಿದ ಕೈಯಲ್ಲೇ ಎದುರು ಬಂದಳು. "ಇವರೇನಾ ಅಮ್ಮ? ನನ್ನ ಕೇಕು ಎರಡು ಸಲ ಹಾಕಿಸ್ಕೊಂಡವರು?"

ಅಕ್ಕ ಬಾಯಿ ತೆರೆಯುವ ಮೊದಲೇ ಹೊಸಬಳು ಹೇಳಿದಳು. "ಇಲ್ಲಮ್ಮ. ನಾನು ತಿನ್ನಲಿಲ್ಲ. ನಾಚಿಕೆಗೆ ಬಿದ್ದು ಎಸೆದುಬಿಟ್ಟೆ. ಅದನ್ನ ಹೇಳೋಕೇ ಬಂದೆ." ಮಿಕ್ಕದ್ದನ್ನೂ ಹೇಳಿದಳು, ತಲೆ ಬಗ್ಗಿಸಿಕೊಂಡೇ, ಆದರೆ ಏನೂ ಬಚ್ಚಿಡದೆ.

ಹುಡುಗಿಯ ಮುಖ ಸಪ್ಪಗಾಯಿತು. ತಾಯಿಯನ್ನು ನೋಡಿದಳು, ತನ್ನ ಬಿಳಿ ಕೈಗಳನ್ನು ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು.

"ಮೊಟ್ಟೆ ತಿಂತೀರಾ?"

"ತಿಂತೀನಿ."

ಹುಡುಗಿ ಒಲೆಯ ಮೇಲಿದ್ದ ಬಾಣಲೆಗೇ ಕೈ ಹಾಕಿದಳು. ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದ ಅಕ್ಕ ಬಂದು ಅದನ್ನು ಕಿತ್ತುಕೊಂಡಳು.

"ಹಿಟ್ಟಿನ ಕೈ ಕಣೇ ನಿಂದು. ಆ ಕಡೆ ಹೋಗು," ಎಂದು ಗದರಿ, ಸೆರಗು ಸಿಕ್ಕಿಸಿ, ನಲ್ಲಿಯ ಕೆಳಗೆ ಬಾಣಲೆಯನ್ನು ತಿಕ್ಕತೊಡಗಿದಳು. ತೊಳೆದು ಬೆಳಕಿಗೆ ಹಿಡಿದಳು. ಸಮಾಧಾನವಾಗಲಿಲ್ಲವೇನೋ, ಇನ್ನೊಮ್ಮೆ ಸೋಪು ಹಾಕಿದಳು.