ಹೆಂಚಿನ ಮೇಲಿನ ಗೆರೆ

ಏಣಿಯ ಕೊನೆಯ ಮೆಟ್ಟಿಲಲ್ಲಿ ಕಲ್ಲಪ್ಪನ ಕಾಲು ನಿಂತುಬಿಟ್ಟಿತು. ಹಸಿರು ಪಾಚಿ ಕಟ್ಟಿದ ಹೆಂಚಿನ ಮೇಲೆ, ಮೇಲ್ತುದಿಯಿಂದ ಸೂರಂಚಿನವರೆಗೆ, ಅಂಗಾಲಿನಗಲದ ಕೆಂಪು ಗೆರೆ. ಹಾಲೇಶ ಜಾರಿದ ಗೆರೆ. ಅಂಚಿನಲ್ಲಿ ಐದು ಬೆರಳು ಪಾಚಿ ಕೆರೆದ ಗುರುತೂ ಇತ್ತು.

ತರೀಕೆರೆ ಸುತ್ತಮುತ್ತ ಹನ್ನೆರಡು ವರ್ಷ ಇಬ್ಬರೂ ಜೊತೆಯಾಗಿ ಹೆಂಚಿನ ಪಾಚಿ ಕೆರೆದಿದ್ದರು. ಹಾಲೇಶ ಮೇಲೆ, ಅವನ ಸೊಂಟದ ಹಗ್ಗ ಹಿಡಿದು ಕಲ್ಲಪ್ಪ ಮನೆಯ ಆಚೆ ಬದಿಯಲ್ಲಿ. ಎಂಟು ದಿನದ ಹಿಂದೆ ಮಾತ್ರ ಕಲ್ಲಪ್ಪ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಬೀರೂರಿಗೆ ಹೋಗಿದ್ದ. ಹಾಲೇಶ ಒಬ್ಬನೇ ಹತ್ತಿ, ಬಿದ್ದು ಸತ್ತ ಆ ದಿನ ಹಗ್ಗ ಕಲ್ಲಪ್ಪನ ಮನೆಯ ಗೂಟದಲ್ಲೇ ಉಳಿದಿತ್ತು. ಈಗ ಅದನ್ನು ಕಂಡರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಈ ಹೆಂಚಿನ ಮನೆಯ ಯಜಮಾನ ಓಂಕಾರೇಶ್ ಠಾಣೆಯಲ್ಲಿ ಬರೆಸಿದ್ದೇ ಬೇರೆ. ಹಾಲೇಶ ಮೇಲೆ ಹತ್ತಲೇ ಇಲ್ಲವಂತೆ. ಕುಡಿದು ಬಂದು ಅಂಗಳದಲ್ಲಿ ಬಿದ್ದನಂತೆ. ಹುಟ್ಟಿದಂದಿನಿಂದ ಹೆಂಡ ಮೂಸದವನು ಸತ್ತ ಮೇಲೆ ಕುಡುಕನಾಗಿದ್ದ.

"ಮನೆ ಅಸಹ್ಯವಾಗಿ ಕಾಣ್ತದೆ. ಪಾಚಿ ಪೂರಾ ಕೆರೆದು ಮುಗಿಸಪ್ಪ," ಎಂದ ಓಂಕಾರೇಶ್. ಊರಲ್ಲಿ ಈ ಕೆಲಸ ಬಲ್ಲವನು ಇನ್ನು ಕಲ್ಲಪ್ಪ ಒಬ್ಬನೇ.

ಕಲ್ಲಪ್ಪ ಇಳಿದ. "ನನ್ ಕೈಲಾಗಲ್ಲ ಸ್ವಾಮಿ. ಆ ಗೆರೆ ಠಾಣೆಯವ್ರು ನೋಡ್ಲಿ. ಅಲ್ಲೀಗಂಟ ಯಾರೂ ಮುಟ್ಟಬಾರ್ದು."

ಓಂಕಾರೇಶ್ ಜಗಳಕ್ಕೆ ನಿಲ್ಲಲಿಲ್ಲ. ಒಮ್ಮೆ ಮೋಡದ ಕಡೆ ನೋಡಿದ. "ಆಯ್ತು ಬಿಡಪ್ಪ. ಹಂಗೇ ಇರ್ಲಿ."

ಕಲ್ಲಪ್ಪ ಗೆದ್ದವನಂತೆ ಹಾಲೇಶನ ಹೆಂಡತಿ ಶಂಕರಮ್ಮನ ಮನೆಗೆ ಹೋದ. "ಗೆರೆ ಐತೆ ಕಣವ್ವ. ಅವನ ಬೆರಳು ಸೈತ ಐತೆ."

"ಹಂಗಾರೆ ಕುಡ್ದಿರ್ಲಿಲ್ಲ ಅಂತ ಬರೀತಾರಾ ಕಲ್ಲಣ್ಣ?"

"ಬರೀಲೇಬೇಕು."

ಏಣಿ ಇಳಿಯುವ ಮುನ್ನ ಕಲ್ಲಪ್ಪ ಫೋನಿನಲ್ಲಿ ತೆಗೆದಿದ್ದ ಫೋಟೋ ಹಿಡಿದು ಇಬ್ಬರೂ ಠಾಣೆಗೆ ಹೋದರು. "ಇದ್ರಲ್ಲಿ ಪಾಚಿ ಬಿಟ್ರೆ ಏನ್ ಕಾಣ್ತದೆ? ಬಂದು ನೋಡ್ತೀವಿ, ಹೋಗಿ," ಎಂದರು ಠಾಣೆಯವರು. ಸೋಮವಾರವೆಂದರು, ಮತ್ತೆ ಬರುವ ಸೋಮವಾರವೆಂದರು. ಅಷ್ಟರಲ್ಲಿ ಆರಿದ್ರಾ ಮಳೆ ಹಿಡಿಯಿತು. ಎಡೆಬಿಡದೆ ಸುರಿಯುವ ಜಡಿಯನ್ನು ನೋಡುತ್ತ ಕೂತಿದ್ದ ಕಲ್ಲಪ್ಪನಿಗೆ, ಓಂಕಾರೇಶ್ ಅಂದು ಮೋಡ ನೋಡಿದ್ದು ಏಕೆಂದು ತಟ್ಟನೆ ಹೊಳೆಯಿತು. ಹನ್ನೆರಡು ವರ್ಷ ಪಾಚಿಯಿಂದಲೇ ಅನ್ನ ತಿಂದವನಿಗೆ ಅದು ಮತ್ತೆ ಬೆಳೆಯುತ್ತದೆಂಬುದೇ ಮರೆತುಹೋಗಿತ್ತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬಂತೆ, ಆರನೆಯ ವಾರ ಒಬ್ಬ ಪೇದೆ ಬಂದ. ಕಲ್ಲಪ್ಪ ಗೂಟದ ಹಗ್ಗ ತಂದು ಸೊಂಟಕ್ಕೆ ಬಿಗಿದು ಮೇಲೆ ಹತ್ತಿದ. ಇನ್ನೊಂದು ತುದಿ ಆಚೆ ಬದಿಯಲ್ಲಿ ಶಂಕರಮ್ಮನ ಕೈಯಲ್ಲಿತ್ತು.

ಚಾವಣಿ ಒಂದೇ ಸಮ ಹಸಿರಾಗಿತ್ತು. ಕಲ್ಲಪ್ಪ ಅಂಚಿನಲ್ಲಿ ಕೂತು ಬೆರಳಲ್ಲಿ ಕೆರೆದ. ಕೆರೆದಲ್ಲೆಲ್ಲ ಹೆಂಚು ಕೆಂಪಗೆ ಮೂಡಿತು.

"ಮುಟ್ಟಬೇಡಿ," ಎಂದ ಏಣಿಯ ಮೇಲಿದ್ದ ಪೇದೆ. "ಗುರುತು ನೀವೇ ಮಾಡ್ತಿದ್ದೀರಲ್ರೀ."

"ಕಾಣ್ತಾ ಕಲ್ಲಣ್ಣ?" ಆಚೆ ಬದಿಯಿಂದ ಶಂಕರಮ್ಮ ಕೇಳಿದಳು.

ಕಲ್ಲಪ್ಪ ಬೆರಳೆತ್ತಿ ಹಿಂದೆ ಸರಿದ, ಕಾಲ ಕೆಳಗೆ ಹೆಂಚು ಸದ್ದು ಮಾಡಿತು. ಅವನು ಜಾರಿದನೆಂದುಕೊಂಡಳೋ ಏನೋ, ಹಗ್ಗ ಅವನ ಸೊಂಟದಲ್ಲಿ ಬಿಗಿಯಾಯಿತು.