ಗುರುತಿಲ್ಲದ ಗಟ್ಟಿಗಳು

ಪರೀಕ್ಷೆ ಡ್ಯೂಟಿ ಮುಗಿಸಿ ಬಂದವಳಿಗೆ ಮೊದಲು ಕಂಡದ್ದು ಖಾಲಿ ಡಬ್ಬಗಳು. ಹಿತ್ತಲ ಗೋಡೆಗೆ ಒರಗಿಸಿಟ್ಟಿದ್ದ ಮೂರು ಪೇಂಟ್ ಡಬ್ಬಗಳನ್ನೂ ಯಾರೋ ತೊಳೆದು ಬೋರಲು ಹಾಕಿದ್ದರು. ಪಕ್ಕದ ಹಲಗೆಯ ಮೇಲೆ, ಬನ್ನು ಬೇಯಿಸುವ ತಟ್ಟೆಯಲ್ಲಿ ಎರಕ ಹೊಯ್ದು ತೆಗೆದ ಲೋಹದ ಗಟ್ಟಿಗಳು ಸಾಲಾಗಿ ಕೂತಿದ್ದವು. ಒಂದೇ ಗಾತ್ರ, ಒಂದೇ ಬಣ್ಣ, ಒಂದೇ ತಾಯಿಯ ಮಕ್ಕಳ ಹಾಗೆ.

“ಹೇಗಿದೆ?” ಎಂದ ಗಂಡ. ಮುಖವೆಲ್ಲ ಮಸಿ, ಮಸಿಯ ನಡುವೆ ಹಲ್ಲು. “ಹಿತ್ತಲು ಗುಜರಿ ಅಂಗಡಿ ಆಗಿದೆ ಅಂತ ಅಪ್ಪ ದಿನಾ ಗೊಣಗ್ತಿದ್ರಲ್ಲ. ಎಲ್ಲಾ ಕರಗಿಸಿ ಚೊಕ್ಕ ಮಾಡಿಬಿಟ್ಟೆ.”

“ಎಲ್ಲಾ?”

“ಎಲ್ಲಾ.”

“ಮೂರು ಡಬ್ಬದ್ದೂ?”

“ಹೂಂ ಅಂದ್ನಲ್ಲ. ಶಭಾಷ್ ಅನ್ನೋಕೆ ಬಾಯಿ ನೋಯುತ್ತಾ?”

ಅವಳು ಚೀಲವನ್ನು ಕೆಳಗಿಡಲಿಲ್ಲ, ಬಿಸಾಕಿದಳು. ಒಳಗಿದ್ದ ಊಟದ ಡಬ್ಬಿ ಠಣ್ಣೆಂದಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಮಾತನ್ನು ಅವಳು ಎಷ್ಟೋ ಸಲ ಆಡಿದ್ದಳು. ಆ ದೊಣ್ಣೆ ಹಿಡಿದವನ ಜೊತೆಗೇ ಸಂಸಾರ ಮಾಡುತ್ತಿದ್ದೇನೆಂದು ಇವತ್ತು ಗೊತ್ತಾಯಿತು.

ಆ ಡಬ್ಬಗಳ ಹಿಂದೆ ಮಾವನ ಗಾಲಿಕುರ್ಚಿಯ ಕಥೆಯಿತ್ತು. ಕುರ್ಚಿಯ ಮುಂದಿನ ಪುಟ್ಟ ಗಾಲಿಯನ್ನು ಹಿಡಿದಿದ್ದ ಕವೆ ಮುರಿದಾಗ, ಅದನ್ನು ಮಾಡುತ್ತಿದ್ದ ಕಂಪನಿಯೇ ಮುಚ್ಚಿಹೋಗಿತ್ತು. ಬೇರೆ ಕುರ್ಚಿ ತರೋಣವೆಂದರೆ, ಮಾವನ ಸೊಟ್ಟ ಬೆನ್ನಿಗೆ ಅಳತೆ ಕೊಟ್ಟು ಮಾಡಿಸಿದ ಆ ಸೀಟು ಬಿಟ್ಟು ಉಳಿದ ಯಾವುದರಲ್ಲೂ ಅವರು ಅರ್ಧ ಗಂಟೆ ಕೂರಲಾರರು. ಗಂಡ ಬಸ್ ಡಿಪೋದ ಮೆಕ್ಯಾನಿಕ್ಕು. ಮರಳಿನ ಅಚ್ಚು ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹಿತ್ತಲಲ್ಲೇ ಒಲೆ ಕಟ್ಟಿ, ಸಿಕ್ಕ ಬಿಳಿ ಲೋಹವನ್ನೆಲ್ಲ ಕರಗಿಸಿ ಕವೆ ಎರಕ ಹೊಯ್ದ. ಮೊದಲನೆಯದು ಅಂಗಳದಲ್ಲೇ ಮುರಿಯಿತು. ಎರಡನೆಯದು ಗೇಟಿನಾಚೆ, ಮೋರಿಯ ಕಲ್ಲುಚಪ್ಪಡಿ ದಾಟುವಾಗ ಮುರಿಯಿತು. ಮಾವ ಮುಖ ಅಡಿಯಾಗಿ ಬಿದ್ದರು. ಗದ್ದ ಸೀಳಿತು, ಭುಜ ಜಾರಿತು.

“ಇನ್ನೊಂದೇ ಸಲ ಕೂರ್ತೀನಿ,” ಎಂದಿದ್ದರು ಮಾವ, ಗದ್ದದ ಹೊಲಿಗೆಯ ಮೇಲೆ ಬೆರಳಿಟ್ಟು. “ಅದೂ ಮುರೀತೋ, ಹಾಸಿಗೇನೇ ನನ್ನ ಊರು.”

ಮುರಿದ ಎರಡನೆಯ ಕವೆಯ ಒಳಮುಖವನ್ನು ಅವಳು ಬೆಳಕಿಗೆ ಹಿಡಿದು ನೋಡಿದ್ದಳು. ಬೂದು ಬಣ್ಣ, ಸಕ್ಕರೆಯಂಥ ದಪ್ಪ ಹರಳು. ಅಲ್ಯೂಮಿನಿಯಮ್ಮಿನ ಜೊತೆ ಸತು ಸೇರಿ ಲೋಹ ಪೆಡಸಾಗಿದೆ ಎಂಬ ಗುಮಾನಿ ಅಲ್ಲೇ ಹುಟ್ಟಿತು. ಕಾಲೇಜಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿಸಿದವಳು ಗುಮಾನಿಯನ್ನು ಗುಮಾನಿಯಾಗಿ ಬಿಡುವವಳಲ್ಲ. ಮಾವನ ಭುಜದ ಕಟ್ಟು ಬಿಚ್ಚುವಷ್ಟರಲ್ಲಿ ಗ್ಯಾರೇಜುಗಳ ಹಿಂಬದಿ, ಒಡೆದ ಕಟ್ಟಡಗಳ ಕಸ, ಗುಜರಿ ರಾಶಿ ಎಲ್ಲವನ್ನೂ ಕೆದಕಿ ಬಂದಳು. ತಂದದ್ದಕ್ಕೆಲ್ಲ ಅಯಸ್ಕಾಂತ ಹಿಡಿದಳು, ಅರದಿಂದ ಉಜ್ಜಿದಳು, ಬಚ್ಚಲು ತೊಳೆಯುವ ಆಸಿಡ್ಡಿನ ಹನಿ ಬಿಟ್ಟಳು. ಹನಿ ಬಿದ್ದ ಕ್ಷಣವೇ ನೊರೆಗಟ್ಟಿದರೆ ಸತು. ಅಲ್ಯೂಮಿನಿಯಮ್ ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಕುದಿಯುತ್ತದೆ. ಬಾಗಿಲ ಹಿಡಿ, ನಲ್ಲಿಯ ತಲೆ, ಹಳೇ ಕಾರ್ಬ್ಯುರೇಟರುಗಳಿಗೆ ಕೆಂಪು ಚುಕ್ಕೆ. ಕಿಟಕಿಯ ಚೌಕಟ್ಟಿಗೆ ಹಳದಿ. ಅದು ಅಲ್ಯೂಮಿನಿಯಮ್ಮೇ, ಆದರೆ ಅಚ್ಚಿನ ಸಂದುಗೊಂದಿಗೆ ಸರಿಯಾಗಿ ಹರಿಯುವುದಿಲ್ಲ. ಪಿಸ್ಟನ್, ಗೇರ್‌ಬಾಕ್ಸಿನ ಮುಚ್ಚಳಗಳಿಗೆ ಮಾತ್ರ ಹಸಿರು. ಅವು ಎರಕದಲ್ಲೇ ಹುಟ್ಟಿದವು, ಮತ್ತೆ ಎರಕಕ್ಕೆ ಒಗ್ಗುವಂಥವು. ಒಂದೊಂದು ಬಣ್ಣಕ್ಕೆ ಒಂದೊಂದು ಡಬ್ಬ.

ಈಗ ಕೆಂಪು, ಹಳದಿ, ಹಸಿರು ಮೂರೂ ಬೆಂಕಿಯಲ್ಲಿ ಸುಟ್ಟು ಹೋಗಿ, ಬನ್ನಿನಾಕಾರದಲ್ಲಿ ಕೂತು ಅವಳನ್ನು ಅಣಕಿಸುತ್ತಿದ್ದವು.

“ಚುಕ್ಕೆ ಕಾಣಲಿಲ್ವಾ ನಿಮಗೆ?”

“ಕಾಣ್ತು. ಚೆಂದ ಇತ್ತು. ರಂಗೋಲಿ ಅಂದ್ಕೊಂಡೆ.”

“ತಮಾಷೆ ಮಾಡಬೇಡ್ರೀ! ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಬಡ್ಕೊಂಡಿದ್ನಲ್ಲ!”

“ಏನು ಬಡ್ಕೊಂಡೆ? ‘ಮುಟ್ಟಬೇಡಿ’ ಅಂದೆ. ಅಷ್ಟೇ. ಯಾಕೆ ಅಂತ ಒಂದು ದಿನ ಹೇಳಿದ್ಯಾ? ಲ್ಯಾಬ್ ಮೇಡಂ ತನ್ನ ವಿದ್ಯೆಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಡ್ಯೂಟಿಗೆ ಹೋದ್ರು. ನಾನೇನು ಚುಕ್ಕೆ ಓದೋ ಶಾಲೆಗೆ ಹೋಗಿದ್ನಾ?”

ಆ ಮಾತು ತಗುಲಿತು. ತಗುಲಿದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಅವನು ಒಂದು ಸಲವೂ ಕೇಳಿರಲಿಲ್ಲ, ಅದು ನಿಜ. ಅವಳು ಒಂದು ಸಲವೂ ಹೇಳಿರಲಿಲ್ಲ, ಅದೂ ನಿಜ. ಎರಡನೆಯ ನಿಜವನ್ನು ಆಗ ಒಪ್ಪಿಕೊಳ್ಳಲು ಅವಳು ತಯಾರಿರಲಿಲ್ಲ.

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಎತ್ತಿಕೊಂಡು ಬಂದು ಅದರ ಮೇಲೆ ನೀರಿನ ಪಾತ್ರೆ ಇಟ್ಟಳು. ಒಂದೊಂದು ಗಟ್ಟಿಯನ್ನೂ ಮೊದಲು ಒಣಗಿದ್ದಾಗಲೇ ತೂಗಿದಳು. ಆಮೇಲೆ ದಾರಕ್ಕೆ ಕಟ್ಟಿ, ತಳ ಮುಟ್ಟದಂತೆ ನೀರಿನೊಳಗೆ ಇಳಿಬಿಟ್ಟು, ತಕ್ಕಡಿಯ ಅಂಕಿ ಎಷ್ಟು ಏರಿತೆಂದು ನೋಡಿದಳು. ಆ ಏರಿಕೆಯೇ ಗಟ್ಟಿಯಷ್ಟು ಜಾಗದ ನೀರಿನ ತೂಕ. ಒಳ್ಳೆಯ ಅಲ್ಯೂಮಿನಿಯಮ್ ತನ್ನಷ್ಟೇ ಜಾಗದ ನೀರಿಗಿಂತ ಎರಡೂ ಮುಕ್ಕಾಲು ಪಟ್ಟು ತೂಗಬೇಕು, ಸತು ಬೆರೆತರೆ ಇನ್ನೂ ಭಾರ. ಮೊದಲನೆಯ ಗಟ್ಟಿ ಮೂರು ದಾಟಿತು. ಎರಡನೆಯದು ಇನ್ನೂ ಹೆಚ್ಚು. ಕೈಗೆ ಹಗುರ ಎನಿಸಿದ್ದನ್ನು ಆಸೆಯಿಂದ ತೂಗಿದರೆ, ಅದೂ ಮೂರರ ಹತ್ತಿರವೇ ಬಂತು.

“ಒಂದೂ ಇಲ್ಲ,” ಎಂದಳು, ಕೊನೆಯದನ್ನು ನೀರಿಗೆ ಧೊಪ್ಪೆಂದು ಬಿಟ್ಟು. “ಒಂದಾದರೂ ಬೇಡ್ವಾ! ಎಲ್ಲದರಲ್ಲೂ ಆ ಹಾಳು ಬಾಗಿಲ ಹಿಡಿ ಸೇರಿದೆ. ಇದರಲ್ಲಿ ಕವೆ ಮಾಡಿ ಅವರನ್ನ ಕೂರಿಸ್ತೀರಾ?”

“ಅವರು ನನ್ನ ಅಪ್ಪ.”

“ಬಿದ್ದಾಗ ರಕ್ತ ತೊಳೆದೋಳು ನಾನು!”

“ಜಗಳ ಆಡೋರು ಸ್ವಲ್ಪ ಈ ಕಡೆ ಬಂದು ಆಡಿ,” ಎಂದಿತು ಕಿಟಕಿಯೊಳಗಿನ ದನಿ. “ಸರಿಯಾಗಿ ಕೇಳಿಸ್ತಿಲ್ಲ. ಬೀಳೋನು ನಾನು. ನನಗೂ ಒಂಚೂರು ತಿಳೀಲಿ.”

ಅವಳು ಕೈ ಒರೆಸಿಕೊಂಡು ಒಳಗೆ ಹೋದವಳು ಟೀವಿಯ ಮೇಲಿನ ಶೆಲ್ಫಿನ ಮುಂದೆ ನಿಂತಳು. ಅಲ್ಲಿ ಗಂಡನ ಮೊದಲ ಬೈಕಿನ ಎಂಜಿನ್ ಹೆಡ್ಡು ಇತ್ತು. ಬೈಕು ಮಣ್ಣುಪಾಲಾಗಿ ಎಷ್ಟೋ ಕಾಲವಾಗಿತ್ತು. ಹೆಡ್ಡಿಗೆ ಮಾತ್ರ ಅವನು ಪಾಲಿಶ್ ಹಾಕಿ, ಪ್ರತಿ ಭಾನುವಾರ ಒರೆಸಿ ಇಡುತ್ತಿದ್ದ. ಅದೇ ಬೈಕಿನ ಹಿಂದೆ ಕೂತು ಅವಳು ಈ ಮನೆಗೆ ಬಂದಿದ್ದಳು.

“ಅದರ ಮೇಲೆ ಕಣ್ಣು ಹಾಕಬೇಡ,” ಎಂದ ಬಾಗಿಲಲ್ಲಿ ನಿಂತ ಗಂಡ. ದನಿ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ.

“ಇಡೀ ಮನೇಲಿ ಅಪ್ಪ ಅಮ್ಮ ಯಾರು ಅಂತ ಗೊತ್ತಿರೋ ಲೋಹ ಇದೊಂದೇ.”

“ಗ್ಯಾರೇಜಿಂದ ಬೇರೆ ಪಿಸ್ಟನ್ ತಂದ್ಕೊಡ್ತೀನಿ.”

“ಇದ್ದದ್ದನ್ನೆಲ್ಲ ನಾನೇ ಗುಡಿಸಿ ತಂದಿದ್ದೆ. ನೀವು ಅದನ್ನ ಬನ್ನು ಮಾಡಿದ್ರಿ. ಇನ್ನೂ ಎಷ್ಟು ವಾರ ಅವರು ಆ ಛಾವಣಿ ನೋಡ್ಕೊಂಡು ಮಲಗಿರಬೇಕು?”

“ಲೋ,” ಎಂದರು ಮಾವ ಹಾಸಿಗೆಯಿಂದ. “ಆ ಹೆಡ್ಡಿನ ಮೈ ವಾರವಾರ ಒರೆಸ್ತೀಯ. ನನ್ನ ಮೈ ಒರೆಸೋಕೆ ಸೊಸೇನೇ ಬೇಕು. ನಾನೂ ನಿನಗಿರೋ ಒಬ್ಬನೇ ಅಪ್ಪ ಕಣೋ.”

ಗಂಡ ಹಿತ್ತಲಿಗೆ ನಡೆದ. ಅವತ್ತು ಊಟಕ್ಕೂ ಬರಲಿಲ್ಲ.

ಬೆಳಿಗ್ಗೆ ಒಲೆ ಉರಿಯುವ ಸದ್ದಿಗೆ ಅವಳು ಹಿತ್ತಲಿಗೆ ಬಂದಳು. ಹೆಡ್ಡು ಕೆಂಡದ ಮೇಲಿತ್ತು. ಕರಗುವ ಹದಕ್ಕೆ ಇನ್ನೇನು ಬಂತು ಎನ್ನುವಾಗ ಆ ಲೋಹ ಹಳೇ ಇಟ್ಟಿಗೆಯಂತೆ ಪುಡಿಪುಡಿಯಾಗುತ್ತದೆ. ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಕ್ಕಳದಲ್ಲಿ ಎತ್ತಿ ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಹೊಡೆದ. ಒಂದೇ ಏಟು ಸಾಕಿತ್ತು. ಅವನು ಹೊಡೆಯುತ್ತಲೇ ಇದ್ದ. ಚೂರುಗಳು ಆರಿದ ಮೇಲೆ ಅವಳು ಅಯಸ್ಕಾಂತ ಆಡಿಸಿ ಉಕ್ಕಿನ ತುಣುಕುಗಳನ್ನು ಹೆಕ್ಕಿದಳು.

“ಮರಳು.”

“ಇಗೋ.”

“ದೂರ ನಿಲ್ಲು.”

ಆ ದಿನ ಗಂಡಹೆಂಡಿರ ಮಾತು ಇಷ್ಟೇ.

ಎರಕ ತಣಿದ ಮೇಲೆ, ಲೋಹ ಹೊಯ್ದ ದಾರಿಯಲ್ಲಿ ಉಳಿದಿದ್ದ ಬಾಲವನ್ನು ಮುರಿಯಲು ಅವನು ಹೆಣಗಬೇಕಾಯಿತು. ಮುರಿದ ಮುಖವನ್ನು ಅವಳು ಬೆಳಕಿಗೆ ಹಿಡಿದಳು. ಸಣ್ಣ, ಬೆಳ್ಳನೆಯ, ಒತ್ತಾದ ಹರಳು. ಅದನ್ನು ಅವನ ಕೈಗೆ ಕೊಟ್ಟಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಎರಡನೆಯ ಕವೆಯ ತುಂಡನ್ನು ತಾನೇ ಹುಡುಕಿ ತಂದು ಪಕ್ಕದಲ್ಲಿ ಹಿಡಿದ. ಅದರ ದಪ್ಪ ಹರಳಿನ ಮೇಲೆ ಬೆರಳಾಡಿಸಿದ.

ಮಾರನೆಯ ದಿನ ಕವೆ ಜೋಡಿಸಿ, ಗಾಲಿ ತಿರುಗಿಸಿ ನೋಡಿ, ಕುರ್ಚಿಯನ್ನು ಬಾಗಿಲಿಗೆ ತಂದರು. ಮಾವ ಹಾಸಿಗೆಯ ಅಂಚಿಗೆ ಸರಿದು ಕೈ ಚಾಚಿದರು. ಅಷ್ಟರಲ್ಲಿ ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು.

“ಏನಮ್ಮಾ ಇದು?”

“ಮೊದಲು ನಾನು. ರೀ, ತಳ್ಳಿ. ಮೋರಿ ಕಲ್ಲಿನ ಮೇಲೇ ಹೋಗಬೇಕು. ನಿಧಾನಕ್ಕೆ ಬೇಡ, ಅವತ್ತಿನ ಹಾಗೇ.”

ಅವನು ತಳ್ಳಿದ. ಎರಡು ದಿನದ ಸಿಟ್ಟೆಲ್ಲ ಆ ತಳ್ಳಿಕೆಯಲ್ಲಿತ್ತು. ಗಾಲಿ ಚಪ್ಪಡಿಯ ಅಂಚಿಗೆ ಧಡ್ಡೆಂದು ಬಡಿಯಿತು. ಅವಳ ಹಲ್ಲಿಗೆ ಹಲ್ಲು ತಾಗಿತು. ಹಿಂದೆ ಎಳೆದು ಮತ್ತೆ ತಳ್ಳಿದ. ಮತ್ತೆ. ಅವಳು ಬಗ್ಗಿ ಕವೆಯ ಕುತ್ತಿಗೆಗೆ ಬೆರಳಿಟ್ಟು ನೋಡಿದಳು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

“ಆಯ್ತಾ ನಿಮ್ಮ ಸವಾರಿ?” ಮಾವ ಒಳಗಿನಿಂದ ಕೂಗಿದರು. “ಏಳಮ್ಮಾ, ಅದು ನನ್ನ ಕುರ್ಚಿ!”

ಕೂತವರೇ ಮಾವ ತಾವೇ ಗಾಲಿ ತಿರುಗಿಸಿಕೊಂಡು ಚಪ್ಪಡಿ ದಾಟಿದರು. ಬೀದಿಯ ತಿರುವಿನವರೆಗೂ ಹಿಂದಿರುಗಿ ನೋಡಲಿಲ್ಲ.

ಹಲಗೆಯ ಮೇಲೆ ಬನ್ನುಗಳು ಹಾಗೇ ಕೂತಿದ್ದವು. ಗಂಡ ಬಣ್ಣದ ಡಬ್ಬಿ, ಕುಂಚ ತಂದು ಅವಳ ಮುಂದೆ ಕುಕ್ಕಿದ.

“ಇವಕ್ಕೆ ಯಾವ ಬಣ್ಣ?” ಎಂದ, ಇನ್ನೂ ಗುರ್ರೆನ್ನುತ್ತಲೇ. “ಮತ್ತೆ, ಯಾಕೆ ಆ ಬಣ್ಣ ಅಂತಾನೂ ಹೇಳು.”

“ಕೆಂಪು,” ಎಂದಳು, ಅಷ್ಟೇ ಗಡುಸಾಗಿ. “ಕೂತ್ಕೊಳ್ಳಿ, ಹೇಳ್ತೀನಿ.”